ದೊಡ್ಡಕ್ಕನವರ ಕೈ

ನವಜಾತ ಶಿಶುಗಳ ಶುಶ್ರೂಷೆಯಲ್ಲಿ ಹೆಸರು ಮಾಡಿದವರು ಸಾಮಾನ್ಯವಾಗಿ ತಾವು ತಂದ ಯಂತ್ರಗಳಿಂದಲೋ ಬರೆದ ಪುಸ್ತಕಗಳಿಂದಲೋ ನೆನಪಾಗುತ್ತಾರೆ. ಈ ಸಂಪುಟ ಯಾರ ಗೌರವಾರ್ಥವಾಗಿ ಹೊರಬರುತ್ತಿದೆಯೋ ಆ ದೊಡ್ಡಕ್ಕನವರು ಮಾತ್ರ ಕೈತೊಳೆಯುವ ಸಿಂಕಿನಿಂದ ನೆನಪಾಗುತ್ತಾರೆ. ಶಿಶು ವಾರ್ಡಿನ ಮುಖ್ಯ ನರ್ಸಾಗಿ ಅವರು ಆಯುಷ್ಯದ ಬಹುಪಾಲನ್ನು ಅದರ ಮುಂದೆಯೇ ಸವೆಸಿದರು. ಈಗ ನಿವೃತ್ತರಾಗಿದ್ದಾರೆ. ದಣಿದಿದ್ದಾರೆ ಕೂಡ, ಅಭಿನಂದನೆಯ ನೆಪದಲ್ಲಿ ಅದನ್ನು ಮುಚ್ಚಿಡುವುದೇಕೆ?

ಸೇವೆಗೆ ಸೇರಿದ ಹೊಸತರಲ್ಲಿ ಅವರೂ ಎಲ್ಲರಂತೆ, ಕ್ರಿಮಿನಾಶಕ ಸೋಪು ಹೆಚ್ಚಾದಷ್ಟೂ ಕ್ಷೇಮವೆಂದು ನಂಬಿ, ಬಿಸಿನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದವರೇ. ಬೆರಳ ಸಂದುಗಳು ಒಡೆದಾಗ ಸೋಂಕಿರಬಹುದೆಂದು ಹೆದರಿ ಇನ್ನಷ್ಟು ತೊಳೆದರು. ಮನೆಯಲ್ಲಿ ಪಾತ್ರೆ ಮುಟ್ಟಿದರೆ ಕಣ್ಣಲ್ಲಿ ನೀರು. "ಬಿಡಮ್ಮಾ, ನಾನಿನ್ನೂ ಗಟ್ಟಿಯಾಗೇ ಇದ್ದೀನಿ," ಎಂದು ಅತ್ತೆಯವರೇ ತೊಳೆಯಲು ನಿಂತರು. ಕೊನೆಗೆ ಚರ್ಮದ ವೈದ್ಯರು ಕೈ ನೋಡಿ, ಒಡೆದ ಚರ್ಮದಲ್ಲಿ ಕ್ರಿಮಿಗಳು ಮನೆಮಾಡುತ್ತವೆ, ಎಷ್ಟು ತೊಳೆದರೂ ಹೋಗುವುದಿಲ್ಲ ಎಂದರು. ತಾವು ಎತ್ತಿಕೊಂಡ ಕೂಸುಗಳೆಲ್ಲ ಅವರ ಕಣ್ಮುಂದೆ ಬಂದವು. ಅವರೇ ಹೋಗಿ ಮೇಲಿನವರಿಗೆ ಹೇಳಿ, ಕೈ ಮಾಯುವವರೆಗೆ ಕೂಸುಗಳಿಂದ ದೂರ ಉಳಿದರು.

ಮುಂದೆ ವಾರ್ಡು ಅವರ ಕೈಗೆ ಬಂದಾಗ ಪದ್ಧತಿಯೇ ಬದಲಾಯಿತು. ಕ್ರಿಮಿನಾಶಕ ಸೋಪು ಬೇಕಾದ ಕೆಲಸಕ್ಕಷ್ಟೇ, ಉಳಿದದ್ದಕ್ಕೆ ಸಾಮಾನ್ಯ ಸೋಪು. ಮೊದಲು ಕೈ ನೆನೆಸಿ ಆಮೇಲೆ ಸೋಪು, ನೊರೆಯೆಲ್ಲ ಹೋಗುವವರೆಗೆ ತೊಳೆದು, ಉಜ್ಜದೆ ಒತ್ತಿ ಒರೆಸಿ, ಮುಲಾಮು. ಅರ್ಧ ಖಾಲಿಯಾದ ಸೋಪಿನ ಬಾಟಲಿಗೆ ಹೊಸದನ್ನು ಸುರಿಯುವುದೂ ನೀರು ಬೆರೆಸುವುದೂ ನಿಂತವು. ಸೋಪಿನೊಳಗೂ ಕ್ರಿಮಿ ಬೆಳೆಯುತ್ತದೆಂದು ಅವರು ಹೇಳಿದಾಗ ನಕ್ಕವರೇ ಹೆಚ್ಚು. ಪ್ರತಿದಿನ ಬೆಳಿಗ್ಗೆ ಎಲ್ಲರೂ ಅವರ ಮುಂದೆ ಕೈಚಾಚಬೇಕಿತ್ತು. ಅವರು ಹುಡುಕುತ್ತಿದ್ದುದು ಕೊಳೆಯನ್ನಲ್ಲ, ಬಿರುಕನ್ನು.

"ಭವಿಷ್ಯ ಹೇಳಿ ಅಕ್ಕಾ, ನಂಗೆ ಮದುವೆ ಯಾವಾಗ?" ಎಂದು ಪುಟ್ಟಕ್ಕನೆಂಬ ಹೊಸ ನರ್ಸು ಕೀಟಲೆ ಮಾಡಿದ್ದುಂಟು.

"ಮೊದಲು ಮುಲಾಮು ಹಚ್ಚು, ಮದುವೆ ತಾನಾಗೇ ಆಗುತ್ತೆ."

ಅದೇ ಪುಟ್ಟಕ್ಕ ಒಮ್ಮೆ, ಕೆಲಸ ಹೋದೀತೆಂಬ ಭಯದಲ್ಲಿ, ಬಿರುಕುಗಳನ್ನು ಕೈಗವಸಿನಲ್ಲಿ ಮುಚ್ಚಿಟ್ಟು ಸಿಕ್ಕಿಬಿದ್ದಳು. ದೊಡ್ಡಕ್ಕನವರು ಬೈಯಲಿಲ್ಲ. ಆಕೆಗೆ ಕೂತು ಮಾಡುವ ಕೆಲಸ ಕೊಟ್ಟು, ತಮ್ಮ ಡಬ್ಬಿಯ ಮುಲಾಮನ್ನು ತಾವೇ ಹಚ್ಚಿದರು. ಇಂದು ಅವರ ಜಾಗಕ್ಕೆ ಬಂದಿರುವವರು ಆ ಪುಟ್ಟಕ್ಕನವರೇ.

ದೊಡ್ಡಕ್ಕನವರ ಸೇವೆಯ ಕೊನೆಯ ವಾರ ಹಲವರು ಹುಷಾರಿಲ್ಲದೆ ರಜೆಯಲ್ಲಿದ್ದರು. ಅವರ ಪಾಳಿಗಳನ್ನೂ ದೊಡ್ಡಕ್ಕನವರೇ ಹೊತ್ತರು. ಮುಲಾಮು ಹಚ್ಚಲೂ ಪುರುಸೊತ್ತಿರಲಿಲ್ಲ. ಅವರ ಆಸೆ ಒಂದೇ ಇತ್ತು. ಅವಧಿಗೆ ಮುನ್ನ ಹುಟ್ಟಿ, ಅಂಗೈಯಗಲವಿದ್ದು, ಅವರ ಆರೈಕೆಯಲ್ಲೇ ಬೆಳೆದ ಹೆಣ್ಣುಕೂಸೊಂದು ಅವರ ಕೊನೆಯ ದಿನವೇ ಮನೆಗೆ ಹೊರಟಿತ್ತು; ಅದನ್ನು ತಮ್ಮ ಕೈಯಾರೆ ತಾಯಿಯ ಮಡಿಲಿಗೆ ಹಾಕಬೇಕು.

ಅಂದು ಬೆಳಿಗ್ಗೆ ಎಲ್ಲರ ಕೈ ನೋಡಿದ್ದು, ಮರುದಿನದಿಂದ ವಾರ್ಡು ವಹಿಸಿಕೊಳ್ಳಲಿದ್ದ ಪುಟ್ಟಕ್ಕನವರು. ಕೊನೆಗೆ ಅವರು ದೊಡ್ಡಕ್ಕನವರ ಮುಂದೆ ಬಂದು ನಿಂತರು. ದೊಡ್ಡಕ್ಕನವರ ಕೈಗಳು ಏಪ್ರನ್ನಿನ ಜೇಬಿನಲ್ಲಿದ್ದವು.

"ಕೈ ತೋರಿಸಿ ಅಕ್ಕಾ."

"ಇವತ್ತೊಂದು ದಿನ ಬಿಟ್ಟುಬಿಡೇ."

ಪುಟ್ಟಕ್ಕನವರು ಕದಲಲಿಲ್ಲ. ಕೈಗಳು ಹೊರಬಂದವು, ಬೆರಳ ಸಂದುಗಳಲ್ಲಿ ರಕ್ತ ಜಿನುಗುತ್ತಿತ್ತು.

"ಮಗೂನ ನಾನೇ ಕೊಡ್ತೀನಿ ಅಕ್ಕಾ," ಎಂದರು ಪುಟ್ಟಕ್ಕನವರು, ಅವರ ಮುಖ ನೋಡಲಾರದೆ.

ದೊಡ್ಡಕ್ಕನವರು ಬಾಗಿಲ ಬಳಿ ಕೈಕಟ್ಟಿ ನಿಂತು ಕೂಸು ತಾಯಿಯ ಮಡಿಲು ಸೇರುವುದನ್ನು ನೋಡಿದರು. ಹೊಟ್ಟೆ ಉರಿಯಿತಂತೆ, ಆಮೇಲೆ ತಣ್ಣಗಾಯಿತಂತೆ. ಇವಳಿದ್ದರೆ ವಾರ್ಡಿನ ಚಿಂತೆಯಿಲ್ಲ ಎನಿಸಿತಂತೆ. ಹೊರಡುವಾಗ ಆ ತಾಯಿ, "ಕೈ ವಾಸಿಯಾದ ಮೇಲೆ ಮನೆಗೆ ಬನ್ನಿ ಅಮ್ಮಾ, ಇವಳೆಲ್ಲಿಗೂ ಹೋಗಲ್ಲ," ಎಂದಳು.

ದೊಡ್ಡಕ್ಕನವರು ಈಗ ಯಾರೂ ಹೇಳದೆಯೇ ಮುಲಾಮು ಹಚ್ಚುತ್ತಿದ್ದಾರೆ. ಆ ಕೈಗಳು ಬೇಗ ಮಾಯಲಿ; ಮಾಯ್ದ ಕೈಗಳಿಗೆ ಎತ್ತಿಕೊಳ್ಳಲು ಇನ್ನೂ ಬಹುಕಾಲ ಕೂಸುಗಳು ಸಿಗುತ್ತಿರಲಿ, ಮೊದಲು ಆ ಹೆಣ್ಣುಕೂಸು.