ರಸ್ತೆಗೆ ಹರವಿದ ಹುರಳಿ

ಚಳಿಗಾಲ ಬಂತೆಂದರೆ ನಮ್ಮ ಕಡೆ ಡಾಂಬರು ರಸ್ತೆಯೇ ಕಣ. ಹುರಳಿ, ತೊಗರಿ, ಸಜ್ಜೆ, ಯಾವ ಬೆಳೆ ಕೈಗೆ ಬಂದರೂ ಗಾಡಿಗಟ್ಟಲೆ ತಂದು ರಸ್ತೆಗೆ ಹರವುತ್ತಿದ್ದರು. ಬಸ್ಸು, ಲಾರಿಗಳು ಅದರ ಮೇಲೆ ಹಾಯ್ದರೆ ಕಾಳು ಉದುರುತ್ತಿತ್ತು, ಎತ್ತು ಕಟ್ಟಿ ತುಳಿಸುವ ಕೆಲಸ ತಪ್ಪುತ್ತಿತ್ತು. ಜಾಣ ಡ್ರೈವರುಗಳು ಪಕ್ಕದಲ್ಲಿ ನುಸುಳಿ ಹೋಗಬಾರದೆಂದು ಖಾಲಿ ಉಳಿದ ಕಡೆ ಕಲ್ಲು ಬೇರೆ ಸಾಲಾಗಿ ಇಡುತ್ತಿದ್ದರು. ಸರ್ಕಾರದ ರಸ್ತೆಗೆ ಇದಕ್ಕಿಂತ ಒಳ್ಳೆಯ ಉಪಯೋಗ ಏನಿದೆ ಎಂದು ನಾನೂ ನಗುತ್ತಿದ್ದವನೇ.

ಎಂಬತ್ತರ ದಶಕದ ಆರಂಭದ ಮಾತು. ಆಗ ನಾನು ರಾಯಚೂರಿನ ಕಚೇರಿಯೊಂದರಲ್ಲಿ ಗುಮಾಸ್ತ. ಮಾನ್ವಿಯ ಮೇಷ್ಟ್ರೊಬ್ಬರು ಓಡಿಸಿ ಬಿಟ್ಟಿದ್ದ ಸ್ಕೂಟರ್ ಕೊಂಡಿದ್ದೆ. ಕಿಕ್ ಹೊಡೆದೂ ಹೊಡೆದೂ ಕಾಲು ಸೋತ ಮೇಲೆ ಶುರುವಾಗುವ ಗಾಡಿ ಅದು. ಆದರೂ ಕೂಲಿಯವರ ಓಣಿಯಿಂದ ಬಂದವನಿಗೆ ಸ್ಕೂಟರ್ ಎಂದರೆ ಸಣ್ಣ ಮಾತೇ? ಮಲ್ಲಟದಲ್ಲಿದ್ದ ಅವ್ವನನ್ನು ಅದರ ಹಿಂದೆ ಕೂರಿಸಿಕೊಂಡು ಹೋಗಿ ದೇವದುರ್ಗದಲ್ಲಿ ತಂಗಿಯ ಮನೆಯ ಮುಂದೆ ಇಳಿಸಬೇಕು, ಬೀಗರ ಓಣಿಯೆಲ್ಲ ಹೊರಬಂದು ನೋಡಬೇಕು. ನನ್ನ ಡಿಸೆಂಬರ್ ರಜೆಯ ಆಸೆ ಇಷ್ಟೇ ಆಗಿತ್ತು. ಎಳ್ಳಮಾವಾಸ್ಯೆಗೆ ಅವರು ಕರೆದೂ ಇದ್ದರು.

ಬೆಳಿಗ್ಗೆ ಕೈಬೆರಳು ಸೆಟೆಯುವಂಥ ಚಳಿ. ಅವ್ವ ಕಿವಿಗೆ ಬಟ್ಟೆ ಕಟ್ಟಿ, ಹೊಸ ಸೀರೆಯ ಮೇಲೆ ಕಂಬಳಿ ಹೊದ್ದು, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕುಳಿತಳು. ಊರು ದಾಟುವಷ್ಟರಲ್ಲಿ ಮೊದಲ ಹರವು ಸಿಕ್ಕಿತು. ಅವ್ವ ನನ್ನ ಬೆನ್ನು ತಟ್ಟಿದಳು.

"ನಿಂದರ್ಸು ಯಪ್ಪಾ. ಅನ್ನ ಅದ. ತುಳದು ಹೋಗಬಾರ್ದು."

ತುಳಿಯಲೆಂದೇ ಹಾಕಿದ್ದಾರೆ ಎಂದು ಹೇಳಿ ನೋಡಿದೆ. ಅವಳು ಕೇಳಬೇಕಲ್ಲ. ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಅಂಚಿನ ಮಣ್ಣಿನಲ್ಲಿ ನಡೆದು ಆಚೆ ಹೋಗಿ ನಿಂತಳು. ನಾನು ಗಾಡಿ ತಳ್ಳಿಕೊಂಡು ಹೋದೆ. ಸ್ವಲ್ಪ ದೂರ ಹೋದರೆ ಮತ್ತೊಂದು ಹರವು, ಮತ್ತೆ ಬೆನ್ನು ತಟ್ಟುವುದು, ಮತ್ತೆ ಇಳಿಯುವುದು. ಪ್ರತಿ ಸಲವೂ ಕಿಕ್ ಹೊಡೆಯುವವನು ನಾನು. ಬಿಸಿಲೇರುತ್ತಿತ್ತು, ನನ್ನ ಮೆರವಣಿಗೆ ಹಾಳಾಗುತ್ತಿತ್ತು. ಸಿಟ್ಟು ನನಗೆ ಮೊದಲೇ ಮೂಗಿನ ತುದಿಯಲ್ಲಿ.

ಸಿರವಾರ ದಾಟಿದ ಮೇಲೆ ಉದ್ದಕ್ಕೆ ಹುರಳಿಬಳ್ಳಿ ಹರವಿದ್ದರು, ಬದಿಯಲ್ಲಿ ಕಲ್ಲಿನ ಸಾಲು. ಅವ್ವ ಬೆನ್ನು ತಟ್ಟಿದಳು. ನಾನು ಗೊತ್ತಾಗದವನಂತೆ ಮುಂದೆ ನೋಡಿದೆ. ಮತ್ತೆ ತಟ್ಟಿದಳು. ಬಳ್ಳಿಗೂ ಕಲ್ಲಿಗೂ ನಡುವೆ ಸ್ವಲ್ಪ ಜಾಗ ಕಂಡಿತು. ನಿಧಾನ ಮಾಡಿದರೆ ಇಳಿದೇಬಿಡುತ್ತಾಳೆಂದು ವೇಗ ಹೆಚ್ಚಿಸಿ ನುಗ್ಗಿಸಿದೆ. ಗಾಲಿಯಡಿ ಕಾಳು ಜಾರಿತು, ಬಳ್ಳಿ ಸುತ್ತಿಕೊಂಡಿತು. ನಾನು ಬಿದ್ದದ್ದು ಮೆತ್ತನೆಯ ಹುರಳಿಯ ಮೇಲೆ. ಅವ್ವ ಬಿದ್ದದ್ದು ಕಲ್ಲಿನ ಮೇಲೆ.

ಹೊಲದವರು ಓಡಿಬಂದರು. ಅವ್ವನ ಬಲಗೈ ಮಣಿಕಟ್ಟಿನ ಬಳಿ ಸೊಟ್ಟಗಾಗಿತ್ತು. ಅವ್ವ ಅಳಲಿಲ್ಲ. ತನ್ನ ಸೀರೆಗೆ ಅಂಟಿದ್ದ ಕಾಳುಗಳನ್ನು ಎಡಗೈಯಿಂದ ಬಿಡಿಸಿ ಹರವಿಗೆ ಹಾಕುತ್ತಿದ್ದಳು. ಬೀಳುವ ಮುಂಚೆ ತನ್ನ ಇಳಿಬಿಟ್ಟ ಕಾಲು ಬಳ್ಳಿಗೆ ತಾಗಿತ್ತೆಂದೂ, ಅನ್ನಕ್ಕೆ ಕಾಲು ಹಚ್ಚಿದ್ದಕ್ಕೇ ಹೀಗಾಯಿತೆಂದೂ ಅವರಿಗೆ ಹೇಳಿದಳು. ರಾಯಚೂರಿನ ಆಸ್ಪತ್ರೆಯಲ್ಲಿ ಡಾಕ್ಟರಿಗೂ ಅದನ್ನೇ ಹೇಳಿದಳು, ನೋಡಲು ಬಂದ ತಂಗಿಗೂ ಅದನ್ನೇ. ತಂಗಿಯ ಗಂಡ, ನಮ್ಮ ಭಾವ, ಮುಖ ಸಿಂಡರಿಸಿ, ಹೆಂಗಸರನ್ನು ಸ್ಕೂಟರಿನ ಮೇಲೆ ಕರೆತಂದರೆ ಹೀಗೇ ಎಂದರು. ಹೌದೆಂದು ತಲೆಯಾಡಿಸಿದೆ. ಅವ್ವ ಎರಡು ಸಲ ಬೆನ್ನು ತಟ್ಟಿದ್ದಳು ಎಂದು ಹೇಳಲು ನನಗೆ ನಾಲಿಗೆ ಏಳಲಿಲ್ಲ.

ಕೈ ಕೂಡಿತು, ಆದರೆ ಬೆರಳು ಪೂರ್ತಿ ಮಡಚಲಿಲ್ಲ. ಸರೀಕರಿಗಿಂತ ಮುಂದೆ ಸಾಲು ಕೊಯ್ದು ನಿಲ್ಲುತ್ತಿದ್ದವಳು ಕುಡುಗೋಲು ಹಿಡಿಯಲಾಗದೆ ನನ್ನ ಮನೆಗೆ ಬಂದಳು. ತಾಯಿಯನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾನೆ ಎಂದು ಜನ ನನ್ನನ್ನು ಹೊಗಳಿದರು. ಅವ್ವ ಹುರಳಿ ತಿನ್ನುವುದನ್ನೇ ಬಿಟ್ಟಳು. ಹುರಳಿಕಟ್ಟಿನ ಸಾರೆಂದರೆ ಇನ್ನೊಂದು ರೊಟ್ಟಿ ಹೆಚ್ಚಿಗೆ ಉಣ್ಣುತ್ತಿದ್ದವಳು ತಪ್ಪುಗಾಣಿಕೆಯಂತೆ ಅದನ್ನು ಬಿಟ್ಟಳು. ನಾನು ಮಾತ್ರ ಅಂದಿನಿಂದ ಯಾವ ಹರವು ಕಂಡರೂ ಇಳಿದು ಗಾಡಿ ತಳ್ಳುತ್ತಿದ್ದೆ. ಮಗನಿಗೆ ಅನ್ನದ ಮೇಲೆ ಎಂಥ ಭಕ್ತಿ ಎಂದು ಅವಳು ಹೇಳಿಕೊಂಡು ತಿರುಗಿದಳು. ಅದು ಭಕ್ತಿಯಲ್ಲ, ಬರೀ ಅಂಜಿಕೆ.

ಕೆಲವು ವರ್ಷಗಳ ನಂತರ ಅಂಥದೇ ರಜೆಯಲ್ಲಿ ಇಬ್ಬರೂ ಬಸ್ಸಿನಲ್ಲಿ ದೇವದುರ್ಗಕ್ಕೆ ಹೊರಟಿದ್ದೆವು. ಬಸ್ಸು ಹರವಿನ ಮೇಲೆ ಹಾಯುವಾಗ ಅವ್ವ ಎರಡೂ ಕಾಲುಗಳನ್ನು ಬಸ್ಸಿನ ನೆಲದಿಂದ ಮೇಲೆತ್ತಿದಳು. ಹರವು ಮುಗಿಯುವವರೆಗೂ ಮುಂದಿನ ಸೀಟಿನ ಕಂಬಿಯನ್ನು ಮಡಚದ ಕೈಯಿಂದ ಒತ್ತಿ ಹಿಡಿದು ಹಾಗೆಯೇ ಕುಳಿತಳು. ನನಗೆ ತಡೆಯಲಾಗಲಿಲ್ಲ.

"ಯವ್ವಾ, ಅವತ್ತು ನೀ ಬೆನ್ನು ತಟ್ಟಿದ್ದು ನನಗ ಗೊತ್ತಾಗಿತ್ತು. ಬೇಕಂತನ ನಿಂದರಸಲಿಲ್ಲ. ತಪ್ಪು ನಂದು, ನಿನ್ನ ಕಾಲಿಂದಲ್ಲ."

ಅವಳು ನನ್ನ ಮುಖ ನೋಡಿದಳು. ಬಯ್ಯಲಿ, ಹೊಡೆಯಲಿ ಎಂದು ಕಾಯುತ್ತಿದ್ದೆ. ಅವಳ ಕಣ್ಣು ತುಂಬಿತ್ತು, ಸಿಟ್ಟಿರಲಿಲ್ಲ.

"ನನ್ನ ಪಾಪ ನಿನ್ನ ತಲಿಮ್ಯಾಲ ಯಾಕ ಹಾಕ್ಕೊಂತಿ ಯಪ್ಪಾ? ಖರೇ ಇದ್ದಿದ್ರ ಅವತ್ತ ಹೇಳ್ತಿದ್ದಿ. ಇಷ್ಟು ವರ್ಷ ಸುಮ್ನ ಕುಂದರಾಂವ ನನ್ನ ಮಗ ಅಲ್ಲ."

ಆಣೆ ಮಾಡಿ ಹೇಳಿದೆ. ಆಣೆ ಮಾಡಬೇಡವೆಂದು ನನ್ನ ಬಾಯಿ ಮುಚ್ಚಿದಳು.

ದೇವದುರ್ಗದಲ್ಲಿ ಬಸ್ಸಿಳಿದು ಮನೆ ಸೇರಿದ ಕೂಡಲೇ ಇದನ್ನೆಲ್ಲ ತಂಗಿಗೆ ಹೇಳಿದಳು, ತನ್ನ ತಪ್ಪನ್ನು ನಾನು ಮೈಮೇಲೆ ಎಳೆದುಕೊಳ್ಳಲು ಹೊರಟ ಕಥೆಯನ್ನು. ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಂದೂ ನನ್ನನ್ನು ಹೊಗಳದ ಭಾವ ಕೂಡ ಇಂಥ ಮಗ ಸಿಗಬೇಕಲ್ಲ ಎಂದರು. ನಾನು ಗೋಡೆಗೊರಗಿ ಕುಳಿತಿದ್ದೆ, ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಊಟಕ್ಕೆ ಹುರಳಿಕಟ್ಟಿನ ಸಾರು. ತಂಗಿ ಮರೆತು ಅವ್ವನಿಗೂ ಒಂದು ಬಟ್ಟಲು ಬಡಿಸಿದ್ದಳು. ಅವ್ವ ಅದನ್ನು ಮಡಚದ ಆ ಕೈಯಿಂದಲೇ ನನ್ನ ತಾಟಿನ ಕಡೆಗೆ ಸರಿಸಿದಳು. ನನ್ನ ಪಾಲಿನದೂ ನೀನೇ ಉಣ್ಣು ಎಂದಳು. ಎಲ್ಲರೂ ನೋಡುತ್ತಿದ್ದರು. ನಾನು ಉಂಡೆ.