ಇಳಿಯಬೇಡಿ ಎನ್ನುವ ಬಟ್ಟೆ

ನನ್ನ ದೊಡ್ಡಮ್ಮ ಟೈಲರ್. ದೊಡ್ಡಪ್ಪ ವಿಮಾನ ನಿಲ್ದಾಣದಲ್ಲಿ ರನ್‌ವೇ ದೀಪಗಳನ್ನು ನೋಡಿಕೊಳ್ಳುವವರು. ಅಲ್ಲಿ ಯಾವುದನ್ನೂ ಕೆಟ್ಟಿದೆ ಎನ್ನುವಂತಿಲ್ಲ, ‘ಅನ್‌ಸರ್ವಿಸಬಲ್’ ಎನ್ನಬೇಕು. ಆ ಮಾತು ಅವರ ಹಿಂದೆಯೇ ಮನೆಗೂ ಬಂತು. ಸೋರುವ ನಲ್ಲಿ, ಕುಂಟುವ ಕುರ್ಚಿ, ಕೊನೆಗೆ ತಮ್ಮ ಮಂಡಿ, ಎಲ್ಲವೂ ಅನ್‌ಸರ್ವಿಸಬಲ್. “ನಾಮಕರಣ ಆಯ್ತಲ್ಲ, ರಿಪೇರಿ ಯಾವಾಗ?” ಎಂದು ದೊಡ್ಡಮ್ಮ ಚುಚ್ಚುತ್ತಿದ್ದರು.

ರನ್‌ವೇಯೇ ಕೈಕೊಟ್ಟರೆ ಮಾತು ಸಾಲದು, ಆಕಾಶದಿಂದ ಬರುವವರಿಗೆ ಕಾಣಬೇಕು. ಅದಕ್ಕೆ ಹಳದಿ ಕ್ಯಾನ್ವಾಸಿನ ಭಾರಿ ಇಂಟು ಗುರುತು ಹಾಸುತ್ತಾರೆ: ಇಲ್ಲಿ ಇಳಿಯಬೇಡಿ. ಅದನ್ನು ಹೊಲಿಯುತ್ತಿದ್ದವರು ದೊಡ್ಡಮ್ಮ. ಅಷ್ಟು ದೊಡ್ಡ ಬಟ್ಟೆ ಮನೆಯ ಕೋಣೆಯಲ್ಲಿ ಹಿಡಿಸದು, ಹೊಲಿದಷ್ಟನ್ನು ಸುತ್ತಿಡುತ್ತಾ ಹೋಗಬೇಕು. ಗಾಳಿಗೆ ಏಳದಂತೆ ಅಂಚಿನೊಳಗೆ ಮರಳಿನ ಚೀಲ ಕೂರಿಸುವ ಉಪಾಯವೂ ಅವರದೇ. ಆದರೆ ಒಂದನ್ನೂ ಪೂರ್ತಿ ಬಿಡಿಸಿ ನೋಡಿದವರಲ್ಲ.

“ಹೆತ್ತ ಮಗುವಿನ ಕಿವಿ ನೋಡಿದೀನಿ, ಮೂಗು ನೋಡಿದೀನಿ, ಮುಖ ಮಾತ್ರ ನೋಡಿಲ್ಲ ಕಣೇ” ಎನ್ನುತ್ತಿದ್ದರು ನನಗೆ.

ಹೋದ ತಿಂಗಳು ನನ್ನ ಕೈಗೂಸು ಮಗಳನ್ನು ದೊಡ್ಡ ಡಾಕ್ಟರಿಗೆ ತೋರಿಸಲು ವಿಮಾನದಲ್ಲಿ ಹೊರಟೆ. ಒಬ್ಬಳೇ ಹೋಗಲು ಜೀವ ಪುಕಪುಕ, ದೊಡ್ಡಮ್ಮನನ್ನು ಕರೆದೆ. ಅವರಿಗೆ ಅದು ಮೊದಲ ವಿಮಾನ. ನಿಲ್ದಾಣಕ್ಕೆ ಹೊಸ ರನ್‌ವೇ ಬಂದು, ಹಳೆಯದನ್ನು ಕಾಯಂ ಮುಚ್ಚಿ ದೊಡ್ಡಮ್ಮ ಹೊಲಿದ ಕೊನೆಯ ಇಂಟನ್ನು ಅದರ ಮೇಲೆ ಹಾಸಿದ್ದರು. ಇನ್ನೇನು ಬಣ್ಣದಲ್ಲೇ ಗುರುತು ಬರೆದು ಬಟ್ಟೆ ತೆಗೆಯುವವರಿದ್ದರು. ಮೇಲೇರಿದ ಕೂಡಲೇ ಎಡಕ್ಕೆ ಕಾಣುತ್ತದೆ ಎಂದು ದೊಡ್ಡಪ್ಪ ಯಾರಿಗೋ ಹೇಳಿ ಆ ಕಡೆಯ ಕಿಟಕಿ ಸೀಟು ಕೊಡಿಸಿದ್ದರು. ದೊಡ್ಡಮ್ಮ ಕನ್ನಡಕವನ್ನು ಒರೆಸಿದ್ದೇ ಒರೆಸಿದ್ದು.

ವಿಮಾನ ಎದ್ದದ್ದೇ ತಡ, ಮಗಳು ಕಿಟಾರನೆ ಕಿರುಚಿದಳು. ಕಿವಿಯೋ, ಹೊಟ್ಟೆಯೋ, ಉಸಿರೋ ಎಂದು ನಾನು ಕಂಗಾಲಾದೆ. ಹಾಲಿನ ಬಾಟಲಿ ಕೈಜಾರಿ ಉರುಳಿತು.

“ಕೊಡು ಇಲ್ಲಿ. ನೀನು ನಡುಗಿದ್ರೆ ಅದೂ ನಡುಗುತ್ತೆ.”

ದೊಡ್ಡಮ್ಮ ಕಿಟಕಿಗೆ ಬೆನ್ನು ಮಾಡಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟತೊಡಗಿದರು. ಮಗು ಅವರ ಹೆಗಲ ಮೇಲಿಂದ ಹೊರಗೆ ನೋಡುತ್ತಾ ನೋಡುತ್ತಾ ಸುಮ್ಮನಾಯಿತು. ನಾನೋ ಮಗುವನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅವರು ತಿರುಗುವ ಹೊತ್ತಿಗೆ ಕಿಟಕಿಯ ತುಂಬ ಮೋಡ.

“ಹೋಯ್ತಾ?”

“ಹೋಯ್ತೇನೋ ದೊಡ್ಡಮ್ಮ. ಬರುವಾಗ ನೋಡೋಣ.”

ಬರುವಷ್ಟರಲ್ಲಿ ಬಟ್ಟೆ ತೆಗೆದಾಗಿತ್ತು. ದೊಡ್ಡಪ್ಪ ನಿಲ್ದಾಣದ ಬಾಗಿಲಲ್ಲೇ ಕಾಯುತ್ತಿದ್ದರು. ಮಗು ಹೇಗಿದೆ ಎಂದು ಕೇಳಿದ ಮೇಲೆ ಹೆಂಡತಿಯ ಕಡೆ ತಿರುಗಿ, ಕಂಡಿತಾ ಎಂದರು.

“ಕಾಣದೆ ಏನು? ನೆಟ್ಟಗೆ ಹಾಸಿದ್ರು. ಚೆನ್ನಾಗಿತ್ತು” ಎಂದರು ದೊಡ್ಡಮ್ಮ, ನನ್ನ ಕಡೆ ನೋಡದೆ.

ಸರಿಯಾಗಿಯೇ ಇದ್ದ ಮಗುವಿನ ಟೋಪಿಯನ್ನು ನಾನು ಮತ್ತೆ ಮತ್ತೆ ಸರಿಮಾಡುತ್ತಾ ನಿಂತೆ.