ಕೈಕಟ್ಟಿ ಕಲಿತ ಇಂಗ್ಲಿಷು

ನಮ್ಮ ಮಾಸ್ತರರ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಐವತ್ತರ ದಶಕದಲ್ಲಿ ವಡಾಲದ ನಮ್ಮ ಚಾಳಿನ ಮೇಲಿನ ಮಹಡಿಯಲ್ಲಿದ್ದ ಅವರು ನಮ್ಮಂತೆಯೇ ಧಾರವಾಡದ ಕಡೆಯವರು. ದಿನಾ ಬೆಳಿಗ್ಗೆ ತಮ್ಮ ಖೋಲಿಯ ಮುಂದಿನ ಗ್ಯಾಲರಿಯಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸಿ ಇಂಗ್ಲಿಷ್ ಕಲಿಸುತ್ತಿದ್ದರು. ಕಲಿಸುವುದೆಂದರೆ ಬಾಯಿಪಾಠ. ಕೈಕಟ್ಟಿ, ಕಣ್ಣುಮುಚ್ಚಿ, ಮಗ್ಗಿ ಹೇಳಿದ ಹಾಗೆ ಒದರಬೇಕು: ಗೋ, ವೆಂಟ್, ಗಾನ್, ಈಟ್, ಏಟ್, ಈಟನ್. ಮೊದಲನೆಯದು ಈಗಿನದು, ಎರಡನೆಯದು ಆಗಿಹೋದದ್ದು ಎಂದು ಒಮ್ಮೆ ಹೇಳಿದ್ದರು, ಅಷ್ಟೇ. ಯಾರು ಹೋದರು, ಏನು ತಿಂದರು ಎಂದು ಕೇಳುವ ಹಾಗಿರಲಿಲ್ಲ. ನಾನೊಮ್ಮೆ ಕೇಳಿದೆ. "ಮೊದಲ ಪಾಠ ಆಗಲಿ, ಆಮ್ಯಾಲ ಅರ್ಥ," ಎಂದು ಅಂಗೈಗೆ ಛಡಿ ಬಿಗಿದರು. ನಾಲ್ಕು ವರ್ಷವಾದರೂ ಆ 'ಆಮ್ಯಾಲ' ಬರಲಿಲ್ಲ. ಮುನ್ನೂರು ಕ್ರಿಯಾಪದ ನನಗೆ ಕಂಠಪಾಠ. ಮನೆಗೆ ಬಂದವರೆದುರು ಅಪ್ಪ ನನ್ನಿಂದ ಹೇಳಿಸಿ ಮೀಸೆ ತಿರುವುತ್ತಿದ್ದರು.

ಮೆಟ್ರಿಕ್ ಆದ ವರ್ಷ ಫೋರ್ಟ್ ಭಾಗದ ಒಂದು ಕಂಪನಿಯವರಿಗೆ ಟೆಲಿಫೋನ್ ನೋಡಿಕೊಳ್ಳುವ ಹುಡುಗಿ ಬೇಕಾಗಿದ್ದಳು. ಕೆಲಸ ಸಿಕ್ಕರೆ ಎರಡು ವರ್ಷ ಮದುವೆಯ ಮಾತೆತ್ತುವುದಿಲ್ಲ ಎಂದು ಅಪ್ಪ ಒಪ್ಪಿದರು. ಸಿಗದಿದ್ದರೆ ಬೊರಿವಲಿಯಲ್ಲೊಬ್ಬ ವರ ಕಾದಿದ್ದ. ನನಗೆ ಅವನು ಬೇಡವಾಗಿತ್ತು.

ಸಂದರ್ಶನದಲ್ಲಿ ಕನ್ನಡಕದ ಹೆಂಗಸೊಬ್ಬರು ಇಂಗ್ಲಿಷಿನಲ್ಲಿ ಮೆತ್ತಗೆ ಕೇಳಿದರು: ಇವತ್ತು ಬೆಳಿಗ್ಗೆ ಏನೇನು ಮಾಡಿದೆ? ಪ್ರಶ್ನೆ ನನಗೆ ತಿಳಿಯಿತು. ನಳದ ನೀರು ತುಂಬಿದ್ದೆ, ರೊಟ್ಟಿ ಬಡಿದಿದ್ದೆ, ತಂಗಿಗೆ ಜಡೆ ಹಾಕಿದ್ದೆ, ಲೋಕಲ್ ರೈಲು ಹಿಡಿದಿದ್ದೆ. ಬಾಯಿ ತೆರೆದೆ. ಕೈಗಳು ತಾವಾಗಿಯೇ ಕಟ್ಟಿಕೊಂಡವು. "ಗೋ, ವೆಂಟ್, ಗಾನ್," ಎಂದೆ. ಪಕ್ಕದ ಸಾಹೇಬರು ಕಾಗದ ಅಡ್ಡ ಹಿಡಿದು ನಕ್ಕರು. ಆ ಹೆಂಗಸು ನಗಲಿಲ್ಲ, ಹೋಗಬಹುದು ಎಂದರು.

ಮರುದಿನ ನೆಟ್ಟಗೆ ಗ್ಯಾಲರಿಗೆ ಹೋಗಿ ಮಕ್ಕಳೆದುರೇ ಕೇಳಿದೆ: "ಮಾಸ್ತರ, ಇವತ್ತ ಮುಂಜಾನೆ ನೀವು ಏನ ತಿಂದ್ರಿ? ಇಂಗ್ಲೀಷಿನ್ಯಾಗ ಹೇಳ್ರಿ ನೋಡೋಣು."

ಅವರು ಛಡಿ ಎತ್ತಿದರು, ಇಳಿಸಿದರು. ಆಮೇಲೆ ಮಕ್ಕಳ ಕಡೆ ತಿರುಗಿ, "ಹೂಂ, ಹೇಳ್ರಿ: ಈಟ್!" ಎಂದು ಗುಡುಗಿದರು. ಇಡೀ ಸಾಲು ಒದರಿತು.

ಮೈ ಉರಿದುಹೋಯಿತು. ಇವರಿಗೇ ಬರುವುದಿಲ್ಲ! ಗೊತ್ತಿಲ್ಲ ಎಂದು ಒಂದು ಮಾತು ಹೇಳಿದ್ದರೆ ನಾನು ಬೇರೆ ಯಾರನ್ನಾದರೂ ಕೇಳಿ ಕಲಿಯುತ್ತಿರಲಿಲ್ಲವೇ? ಸಾಲಿನಲ್ಲಿದ್ದ ನನ್ನ ತಂಗಿಯನ್ನು ರಟ್ಟೆ ಹಿಡಿದು ಎಬ್ಬಿಸಿಕೊಂಡು ಬಂದೆ. ಮೆಟ್ಟಿಲ ಮೇಲೆ ಅವಳು ಮತ್ತೆ ಕಟ್ಟಿಕೊಂಡ ಕೈ ಬಿಡಿಸಿ, ಮುಚ್ಚಿದ ಕಣ್ಣು ತೆರೆಸಿ, "ಐ ಏಟ್ ರೊಟ್ಟಿ," ಎಂದು ಹೇಳಿಸಿದೆ. ಮೂರೇ ಮೂರು ಶಬ್ದ. ಹಿಂದಿನ ದಿನ ಅಷ್ಟು ಬಂದಿದ್ದರೆ ಸಾಕಿತ್ತು.

ಆ ರವಿವಾರವೇ ಬೊರಿವಲಿಯವರು ನನ್ನನ್ನು ನೋಡಲು ಬಂದರು. ಅವಲಕ್ಕಿ, ಚಹಾ ಆಯಿತು. ಅಪ್ಪ ಹೆಮ್ಮೆಯಿಂದ, "ಎಲ್ಲಿ, ನಿನ್ನ ಇಂಗ್ಲೀಷ ಸ್ವಲ್ಪ ಹೇಳವಾ," ಎಂದರು. ಸಿಟ್ಟಿಗೆ ಕಿವಿ ಬಿಸಿಯಾಗಿತ್ತು. ತುಟಿ ಬಿಚ್ಚಲಿಲ್ಲ.

"ಹುಡುಗಿ ಭಾಳ ಶಾಂತ ಅದಾಳ," ಎಂದು ವರನ ತಾಯಿ ಅಲ್ಲೇ ಒಪ್ಪಿಕೊಂಡರು.